ಬ್ರೇಕಿಗಿಂತ ಮೊದಲು ಹಿಮ್ಮಡಿ

ಪ್ರಶ್ನೆ: ನಮ್ಮೂರು ಧಾರವಾಡ. ಕೆಲಸದ ಸಲುವಾಗಿ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ವಯಸ್ಸು ನಲವತ್ತು ದಾಟಿದೆ. ರೋಡ್ ಬೈಕಿಗೆ ಇತ್ತೀಚೆಗೆ ಕ್ಲಿಪ್‌ಲೆಸ್ ಪೆಡಲ್ (ಶೂವಿನ ಅಟ್ಟೆಯನ್ನು ಕಚ್ಚಿ ಹಿಡಿಯುವಂಥದು) ಹಾಕಿಸಿ, ಅದರ ಶೂ ಕೂಡ ತೊಗೊಂಡೆ. ನಲ್ ಸ್ಟಾಪ್ ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದು ನಿಂತವನು ನಿಂತ ಹಾಗೇ ಸೈಕಲ್ ಸಮೇತ ಬಲಕ್ಕೆ ಉರುಳಿದೆ. ಹಿಂದಿದ್ದ ರಿಕ್ಷಾದವ ‘ಕಾಯ್ ಝಾಲಂ ಕಾಕಾ?’ (ಏನಾಯ್ತು ಕಾಕಾ?) ಅಂದ. ಮೊಣಕೈ ತರಚಿದ್ದಕ್ಕಿಂತ ‘ಕಾಕಾ’ ಅಂದದ್ದೇ ಹೆಚ್ಚು ನೋವಾಯಿತು. ಮನೆಯಲ್ಲಿ ಹಳೇ ಪೆಡಲ್ಲೇ ಇರಲಿ ಅಂತಿದ್ದಾರೆ. ಇದು ರೂಢಿ ಆಗುತ್ತದೋ ಇಲ್ಲವೋ?

ಉತ್ತರ: ಆಗುತ್ತದೆ. ಹೊಸ ಪೆಡಲ್ ಹಾಕಿದವರು ಬೀಳುವುದು ಬಹುಮಟ್ಟಿಗೆ ನೀವು ಬಿದ್ದ ಹಾಗೆಯೇ: ವೇಗದಲ್ಲಿ ಅಲ್ಲ, ನಿಂತ ಮೇಲೆ.

ಕಾರಣ ಕಾಲಿನ ಹಳೆಯ ಅಭ್ಯಾಸ. ಚಿಕ್ಕಂದಿನಿಂದ ನಾವು ಕಾಲನ್ನು ಮೇಲಕ್ಕೆತ್ತಿ ನೆಲಕ್ಕಿಟ್ಟವರು. ಈ ಪೆಡಲ್ ಮೇಲಕ್ಕೆ ಎಳೆದರೆ ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಗಾಬರಿಯಲ್ಲಿ ಎಷ್ಟು ಜಗ್ಗಿದರೂ ಅದು ಹಿಡಿದುಕೊಂಡೇ ಇರುತ್ತದೆ. ಇದು ಹಿಮದ ಮೇಲೆ ಜಾರುವ ಸ್ಕೀಯಿಂದ ಬಂದ ಗುಣ. ಸ್ಕೀಗೆ ಬೂಟು ಕಚ್ಚಿಸುವ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಫ್ರಾನ್ಸಿನ ಸವಾರ ಬರ್ನಾರ್ ಇನೋ ಆ ಪೆಡಲ್ ತುಳಿದೇ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದ ಮೇಲೆ ಪಟ್ಟಿಯಿಂದ ಕಾಲು ಬಿಗಿಯುವ ಪದ್ಧತಿ ಹಿಂದೆ ಬಿತ್ತು. ಸ್ಕೀಯವನು ಬಿದ್ದಾಗ ಕಾಲು ತಿರುಚಿದರೆ ಬೂಟು ಬಿಟ್ಟುಕೊಳ್ಳಬೇಕು, ಸುಮ್ಮನೆ ಎಳೆದರೆ ಬಿಡಬಾರದು. ನಲ್ ಸ್ಟಾಪಿನಲ್ಲಿ ನಿಮ್ಮ ಕಾಲು ಮಾಡಿದ್ದು ಎರಡನೆಯದನ್ನು.

ಹಾಗಾಗಿ ಕಾಲಿಗೆ ಹೊಸದಾಗಿ ಕಲಿಸಬೇಕಾದದ್ದು ಇಷ್ಟೇ: ಮೊದಲು ಹಿಮ್ಮಡಿ, ಆಮೇಲೆ ಬ್ರೇಕ್. ಸಿಗ್ನಲ್ ಇನ್ನೂ ದೂರವಿದೆ, ಸೈಕಲ್ ತಾನಾಗಿ ಸಾಗುತ್ತಿದೆ ಅನ್ನುವಾಗಲೇ ಎಡಗಾಲನ್ನು ಬಿಡಿಸಿ, ಪೆಡಲ್ ಮೇಲೆ ಸುಮ್ಮನೆ ಇಟ್ಟುಕೊಂಡು ಬನ್ನಿ. ಹಸಿರು ಬಿದ್ದು ನಿಲ್ಲಬೇಕಾಗಿ ಬರಲಿಲ್ಲ ಅಂದರೆ ಕಳೆದುಕೊಂಡದ್ದೇನೂ ಇಲ್ಲ. ಪುಣೆಯಂಥ ಊರಿನಲ್ಲಿ, ಎಡಬದಿಯಿಂದಲೂ ಸ್ಕೂಟರ್ ನುಗ್ಗುವಲ್ಲಿ, ರಿಕ್ಷಾ ಗಿರಾಕಿ ಕಂಡಲ್ಲಿ ನಿಲ್ಲುವಲ್ಲಿ, ಬೇಕಾದದ್ದಕ್ಕಿಂತ ಹೆಚ್ಚು ಸಲ ಬಿಡಿಸುವವನೇ ಜಾಣ.

ಎಡಗಾಲೇ ಯಾಕೆ ಅಂದರೆ ವಾಹನಗಳು ನಮ್ಮ ಬಲಕ್ಕೆ ಹಾದುಹೋಗುತ್ತವೆ. ಬಿದ್ದರೂ ಫುಟ್‌ಪಾತಿನ ಕಡೆ ಬೀಳಬೇಕು. ಚೈನು, ಗೇರು ಇರುವುದೂ ಬಲಕ್ಕೇ, ಆ ಕಡೆ ಬಿದ್ದರೆ ಅವಕ್ಕೂ ಪೆಟ್ಟು. ಆದರೆ ಎಡಗಾಲು ಬಿಡಿಸಿದ ಮೇಲೂ ಬಲಕ್ಕೆ ವಾಲಿ ಬೀಳುವವರಿದ್ದಾರೆ, ಬಲಕ್ಕೇ ಉರುಳಿದ ನೀವೂ ಅದಕ್ಕೆ ಎಚ್ಚರವಾಗಿರಿ. ಸೀಟಿನ ಮೇಲೆ ಕೂತೇ ನಿಲ್ಲಲು ಹೋದರೆ ಹಾಗಾಗುತ್ತದೆ. ಕೊನೆಯ ಒಂದೆರಡು ಮೀಟರಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು, ಮೈಯ ಭಾರವನ್ನು ಎಡಕ್ಕೆ ಬಿಡಿ.

ಅಭ್ಯಾಸ ರಸ್ತೆಯಲ್ಲಿ ಬೇಡ. ಸೊಸೈಟಿಯ ಪಾರ್ಕಿಂಗಿನಲ್ಲಿ ಗೋಡೆಗೆ ಕೈ ಊರಿ, ಒಂದೊಂದೇ ಕಾಲನ್ನು ಕಚ್ಚಿಸಿ ಬಿಡಿಸಿ. ಬೇಸರ ಬರುವಷ್ಟು ಮಾಡಿ. ವಾಚ್‌ಮನ್ ನೋಡಿದರೆ ನೋಡಲಿ. ಆಮೇಲೆ ಹುಲ್ಲಿನ ಮೈದಾನದಲ್ಲಿ ನಿಧಾನ ಓಡಿಸುತ್ತ ಅದನ್ನೇ ಮಾಡಿ. ಪೆಡಲ್ ಹಿಂಭಾಗದಲ್ಲಿ ಬಿಗಿತ ಹೊಂದಿಸುವ ಸಣ್ಣ ಸ್ಕ್ರೂ ಇರುತ್ತದೆ. ಅಲೆನ್ ಕೀಯಿಂದ ಅದನ್ನು ಮೈನಸ್ ಗುರುತಿನ ಕಡೆ ತಿರುಗಿಸಿ ಅತಿ ಸಡಿಲ ಮಾಡಿಕೊಳ್ಳಿ, ಎರಡೂ ಪೆಡಲ್‌ಗಳಲ್ಲಿ ಸಮನಾಗಿ. ಅಂಗಡಿಯವರು ಇದನ್ನು ನೋಡದೇ ಕೊಟ್ಟುಬಿಡುವುದುಂಟು. ನೀವು ಬಿದ್ದ ದಿನ ಅದು ಎಷ್ಟು ಬಿಗಿ ಇತ್ತು ಅಂತ ಪರೀಕ್ಷಿಸಿ.

ಹೊರಡುವಾಗಿನ ಪೇಚು ಬೇರೆ. ನಿಲ್ಲುವ ಮೊದಲೇ ಗೇರ್ ಹಗುರ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಮೊದಲ ತುಳಿತಕ್ಕೆ ಸೈಕಲ್ ಮುಂದೆ ಹೋಗದೆ ಓಲಾಡುತ್ತದೆ. ಕಚ್ಚಿಕೊಂಡ ಬಲಗಾಲಿನಿಂದ ಒಂದು ಬಲವಾದ ತುಳಿತ ಕೊಟ್ಟು, ವೇಗ ಬಂದ ಮೇಲೆ ಎಡಗಾಲಿನ ಮುಂಗಾಲನ್ನು ಪೆಡಲ್ ಮೂತಿಗೆ ಸೇರಿಸಿ ಒತ್ತಿ. ‘ಟಕ್’ ಅನ್ನಬೇಕು. ಅನ್ನದಿದ್ದರೆ ಹಾಗೇ ತುಳಿಯುತ್ತ ಚೌಕ ದಾಟಿ, ಆಚೆ ಹೋಗಿ ಕಚ್ಚಿಸಿ. ಚೌಕದ ನಡುವೆ ತಲೆ ಬಗ್ಗಿಸಿ ಪೆಡಲ್ ಹುಡುಕುವುದು ಬಿದ್ದದ್ದಕ್ಕಿಂತ ಅಪಾಯ.

ಸಿಂಹಗಡದ ಘಾಟಿಗೆ ಹೋಗುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ. ಕಡಿದಾದ ಏರಿನಲ್ಲಿ ತುಳಿಯುವುದು ನಿಂತ ಕ್ಷಣವೇ ಸೈಕಲ್ ನಿಲ್ಲುತ್ತದೆ, ಕಾಲು ಬಿಡಿಸಲು ಸಮಯ ಸಿಗುವುದಿಲ್ಲ. ಉಸಿರು ಪೂರ್ತಿ ಕಟ್ಟುವ ಮೊದಲೇ ಇಳಿಯುವ ನಿರ್ಧಾರ ಮಾಡಬೇಕು. ಖಡಕ್‌ವಾಸ್ಲಾ ಅಣೆಕಟ್ಟಿನ ಹತ್ತಿರ ಭಾನುವಾರ ಮೆಕ್ಕೆಜೋಳ, ಭಜ್ಜಿ ಗಾಡಿಗಳ ಮುಂದೆ ಜನ ರಸ್ತೆಗೇ ಬಂದಿರುತ್ತಾರೆ. ಅಲ್ಲಿ ಎಡಗಾಲು ಬಿಡಿಸಿಕೊಂಡೇ ದಾಟಿ.

ಹಳೇ ಪೆಡಲ್ ವಿಷಯಕ್ಕೆ ಬಂದರೆ, ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಫೀಸು, ತರಕಾರಿಗೆ ರೋಡ್ ಕ್ಲೀಟ್ (ಪೆಡಲಿಗೆ ಕಚ್ಚಿಕೊಳ್ಳಲು ಶೂವಿನ ಅಟ್ಟೆಗೆ ಹಾಕುವ ತುಂಡು) ದಂಡ. ಬೆಳಗಿನ ದೂರದ ಸವಾರಿಗೆ ಮಾತ್ರ ಅದು ಸಾರ್ಥಕ. ಅಲ್ಲೂ ಮುಖ್ಯ ಲಾಭ ಕಾಲನ್ನು ಮೇಲೆಳೆದು ಶಕ್ತಿ ತೆಗೆಯುವುದಲ್ಲ, ಕೆಟ್ಟ ರಸ್ತೆಯಲ್ಲಿ ಪಾದ ಜಾರದೆ ಒಂದೇ ಜಾಗದಲ್ಲಿ ನಿಲ್ಲುವುದು.

ಪ್ರಶ್ನೆ: ಮುಂಬೈನ ಮುಲುಂಡ್‌ನಲ್ಲಿದ್ದೇನೆ. ಕ್ಲೀಟ್ ಹಾಕಿಸಿದ ಮೇಲೆ ಮಂಡಿ ನೋವು ಶುರುವಾಗಿದೆ. ಮೊದಲು ಇರಲಿಲ್ಲ. ಯಾಕೆ?

ಉತ್ತರ: ಮೊದಲು ನಿಮ್ಮ ಪಾದ ತನಗೆ ಬೇಕಾದ ಕೋನಕ್ಕೆ ತಾನೇ ತಿರುಗಿಕೊಳ್ಳುತ್ತಿತ್ತು. ಈಗ ಕ್ಲೀಟ್ ಕೂತ ಕೋನವೇ ಕೋನ, ಅದರ ತಪ್ಪು ಮಂಡಿಗೆ ತಾಗುತ್ತದೆ. ಕ್ಲೀಟಿನ ಬಣ್ಣ ನೋಡಿ. ಶಿಮಾನೊ ಕಂಪನಿಯ ರೋಡ್ ಕ್ಲೀಟಿನಲ್ಲಿ ಹಳದಿಯದು ಪಾದವನ್ನು 6 ಡಿಗ್ರಿಯಷ್ಟು ಅಲುಗಾಡಲು ಬಿಡುತ್ತದೆ, ನೀಲಿ 2 ಡಿಗ್ರಿ, ಕೆಂಪು ಸ್ವಲ್ಪವೂ ಇಲ್ಲ. ಲುಕ್ ಕಂಪನಿಯ ಕಿಯೋ ಕ್ಲೀಟಿನಲ್ಲಿ ಕೆಂಪೇ ಎಲ್ಲಕ್ಕಿಂತ ಸಡಿಲ, 9 ಡಿಗ್ರಿ. ಕಪ್ಪು ಪೂರ್ತಿ ಬಿಗಿ. ಬಣ್ಣ ಒಂದೇ ಅಂತ ಗೆಳೆಯರ ಮಾತು ಕೇಳಿ ಕೊಂಡರೆ ಎಡವಟ್ಟು. ಹೊಸಬರಿಗೆ ಶಿಮಾನೊದ ಹಳದಿಯೇ ಸರಿ.

ಹೆಬ್ಬೆರಳಿನ ಬುಡದ ಉಬ್ಬಿದ ಮೂಳೆ ಪೆಡಲ್ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಬರುವಂತೆ ಕ್ಲೀಟ್ ಕೂರಿಸಿ. ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಾಗ ಪಾದ ಯಾವ ಕಡೆಗೆ ಮುಖ ಮಾಡುತ್ತದೋ ಆ ಕೋನವನ್ನೇ ಅನುಸರಿಸಿ. ಎರಡೂ ಪಾದ ಒಂದೇ ರೀತಿ ಇರಬೇಕಿಲ್ಲ. ಶೂ, ಪೆಡಲ್ ಬದಲಾದಾಗ ಅಟ್ಟೆಯ ದಪ್ಪವೂ ಬದಲಾಗುವುದರಿಂದ ಸೀಟಿನ ಎತ್ತರವನ್ನು ಮತ್ತೊಮ್ಮೆ ಹೊಂದಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್. ಇಷ್ಟಾದರೂ ನೋವು ಹೋಗದಿದ್ದರೆ, ಅಥವಾ ಮಂಡಿ ಊದಿದರೆ, ಸೈಕಲ್ ಬಿಟ್ಟು ವೈದ್ಯರನ್ನು ಕಾಣಿ.

ಪ್ರಶ್ನೆ: ನಾನು ಅಂಕೋಲೆಯವಳು, ಗೋವಾದ ಚೋಡಣ ದ್ವೀಪದಲ್ಲಿದ್ದೇನೆ. ಫೆರ್ರಿಯಲ್ಲಿ ರಾಯಬಂದರಕ್ಕೆ ದಾಟಿ ಪಣಜಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ರೋಡ್ ಶೂ ಕೊಳ್ಳಲೇ?

ಉತ್ತರ: ಬೇಡ ತಂಗಿ. ಮೂರು ಬೋಲ್ಟಿನ ರೋಡ್ ಕ್ಲೀಟ್ ಪ್ಲಾಸ್ಟಿಕ್ಕಿನದು, ಅಟ್ಟೆಯಿಂದ ಹೊರಗೆ ಉಬ್ಬಿರುತ್ತದೆ. ಮಳೆಗಾಲದಲ್ಲಿ ಫೆರ್ರಿಯ ಒದ್ದೆ ಕಬ್ಬಿಣದ ಹಲಗೆಯ ಮೇಲೆ ಸೈಕಲ್ ತಳ್ಳಿಕೊಂಡು ನಡೆದರೆ ಸವಾರಿಗೆ ಮೊದಲೇ ಜಾರಿ ಬೀಳುತ್ತೀರಿ. ಎರಡು ಬೋಲ್ಟಿನ ಎಸ್‌ಪಿಡಿ ಅನ್ನುವ ಬಗೆಯ ಪೆಡಲ್, ಶೂ ತೊಗೊಳ್ಳಿ. ಅದರ ಪುಟ್ಟ ಉಕ್ಕಿನ ಕ್ಲೀಟ್ ರಬ್ಬರ್ ಅಟ್ಟೆಯ ಒಳಗೆ ಹುದುಗಿರುತ್ತದೆ, ಸಾಮಾನ್ಯ ಶೂಗಳ ಹಾಗೆ ನಡೆಯಬಹುದು. ಒಂದು ಮುಖ ಎಸ್‌ಪಿಡಿ, ಇನ್ನೊಂದು ಮುಖ ಚಪ್ಪಟೆ ಇರುವ ಪೆಡಲ್ ಸಿಗುತ್ತದೆ, ಚಪ್ಪಲಿಯಲ್ಲೂ ತುಳಿಯಬಹುದು. ಕ್ಲೀಟ್ ಬೋಲ್ಟಿಗೆ ಮೊದಲೇ ಗ್ರೀಸ್ ಹಚ್ಚಿ ಬಿಗಿಸಿ, ಇಲ್ಲದಿದ್ದರೆ ಆ ಹವೆಗೆ ತುಕ್ಕು ಹಿಡಿದು ಆಮೇಲೆ ಬಿಚ್ಚಲು ಬರುವುದಿಲ್ಲ. ಕೆಂಪು ಮಣ್ಣು ಮೆತ್ತಿದ ದಿನ ಪೆಡಲ್ ಸ್ಪ್ರಿಂಗನ್ನು ನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಚೈನ್ ಎಣ್ಣೆ ಬಿಡಿ.