ಫ್ರೋಜನ್ ಕೊಲಾರ್ಡ್ ಸೊಪ್ಪಿಗೆ ಅಮೆರಿಕದ ದಕ್ಷಿಣದವರ ಕೈರುಚಿ ಬರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು ಅಂದುಕೊಂಡಿದ್ದೇನೆ. ಅಟ್ಲಾಂಟಾ ಹತ್ತಿರ ಮನೆ. ಆಫೀಸಿನ ಊಟಕ್ಕೆ ಸಹೋದ್ಯೋಗಿಯೊಬ್ಬರು ಟರ್ಕಿ ಕೋಳಿಯ ಮಾಂಸ ಹಾಕಿ ಮಾಡಿ ತಂದಿದ್ದ ಕೊಲಾರ್ಡ್ ಸೊಪ್ಪು (ಎಲೆಕೋಸಿನ ಜಾತಿಯದು) ನಿಮಗೆ ತುಂಬಾ ಹಿಡಿಸಿತು. ನೀವೂ ಫ್ರೋಜನ್ ಪ್ಯಾಕೆಟ್ ತಂದು, ಅದರ ಮೇಲೆ ಬರೆದ ಹಾಗೇ ಬೇಯಿಸಿದಿರಿ. ನೀರು ನೀರು, ಹಸಿ ಹುಲ್ಲಿನ ವಾಸನೆ, ಸಾಲದ್ದಕ್ಕೆ ಕಹಿ. ಹಂದಿ ಮಾಂಸ ಮನೆಗೆ ಬರುವುದಿಲ್ಲ, ಯಜಮಾನರು ಪೂರ್ತಿ ಸಸ್ಯಾಹಾರಿ. ತಾಜಾ ಸೊಪ್ಪೇ ತರಬೇಕಾ ಅಂತ ಕೇಳಿದ್ದೀರಿ. ಕೊನೆಗೆ, ಬೆಂಗಳೂರಿಗೆ ಹೋದಾಗ ಅತ್ತೆಗೆ ಮಾಡಿ ಬಡಿಸಬೇಕು ಅಂದರೆ ಅಲ್ಲಿ ಏನು ಸಿಗುತ್ತದೆ ಅಂತಲೂ ಕೇಳಿದ್ದೀರಿ.

ತಾಜಾ ಸೊಪ್ಪು ಬೇಕಿಲ್ಲ. ಫ್ರೋಜನ್‌ನಲ್ಲೇ ಚೆನ್ನಾಗಿ ಆಗುತ್ತದೆ. ನಾನಿರುವುದು ಸೌತ್ ಕ್ಯಾರೊಲಿನಾದಲ್ಲಿ. 2011ರಲ್ಲಿ ಕೊಲಾರ್ಡನ್ನೇ ರಾಜ್ಯದ ಅಧಿಕೃತ ತರಕಾರಿ ಅಂತ ಘೋಷಿಸಿಕೊಂಡ ರಾಜ್ಯ ಇದು. ಹಾಗಾಗಿ ನನಗೆ ಈ ಸೊಪ್ಪಿನ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಆದರೂ ವಾರದ ದಿನಗಳಲ್ಲಿ ನಮ್ಮ ಮನೆಯಲ್ಲಿ ಫ್ರೀಜರ್‌ನಿಂದ ತೆಗೆದ ಪ್ಯಾಕೆಟ್ಟೇ ಒಲೆಗೆ ಹೋಗುವುದು. ಮರಳು ಹೋಗುವ ತನಕ ನಾಲ್ಕೈದು ಸಲ ಸೊಪ್ಪು ತೊಳೆಯುವ ಕೆಲಸ ತಪ್ಪುತ್ತದಲ್ವಾ, ಅದೇ ದೊಡ್ಡ ಉಪಕಾರ.

ತೊಂದರೆ ಇರುವುದು ಸಮಯದ ಲೆಕ್ಕದಲ್ಲಿ. ತಾಜಾ ಕೊಲಾರ್ಡ್ ಎಲೆ ದಪ್ಪ, ಮೇಲೆ ಮೇಣದ ಪದರ ಬೇರೆ. ಅದು ಮೆತ್ತಗಾಗಲು ಒಂದರಿಂದ ಎರಡು ಗಂಟೆ ಬೇಕು. ಇಲ್ಲಿನವರು ಅದೇ ಪಾತ್ರೆಗೆ ಹೊಗೆಯಲ್ಲಿಟ್ಟ ಮಾಂಸದ ಒಂದು ಮೂಳೆ ಹಾಕುತ್ತಾರೆ. ಹಂದಿಯ ಕಾಲಿನ ಗಂಟು, ಇಲ್ಲವೇ ಟರ್ಕಿಯ ರೆಕ್ಕೆ ಅಥವಾ ಕತ್ತು. ಎರಡು ಗಂಟೆಯಲ್ಲಿ ಎಲೆಯೂ ಬೇಯುತ್ತದೆ, ಮೂಳೆಯೂ ತನ್ನ ಉಪ್ಪು, ಹೊಗೆ, ಜಿಡ್ಡು ಎಲ್ಲ ನೀರಿಗೆ ಬಿಟ್ಟಿರುತ್ತದೆ. ಫ್ರೋಜನ್ ಸೊಪ್ಪಿನ ಕಥೆಯೇ ಬೇರೆ. ಅದನ್ನು ಹೆಪ್ಪುಗಟ್ಟಿಸುವ ಮೊದಲು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆದಿರುತ್ತಾರೆ, ಎಲೆಯೊಳಗಿನ ಕಿಣ್ವಗಳು ಬಣ್ಣ ರುಚಿ ಕೆಡಿಸದಿರಲಿ ಅಂತ. ಆಮೇಲೆ ಒಳಗಿನ ನೀರು ಮಂಜಾದಾಗ ಅದರ ಹರಳುಗಳು ಎಲೆಯ ಕೋಶಗಳನ್ನು ಸೀಳುತ್ತವೆ. ಅಂದರೆ ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ಅರ್ಧ ಸೋತ ಸೊಪ್ಪು. ಅರ್ಧ ಗಂಟೆಗೆ ಮೆತ್ತಗಾಗುತ್ತದೆ. ಅಷ್ಟರಲ್ಲಿ ಮೂಳೆ ಇನ್ನೂ ಏನೂ ಕೊಟ್ಟಿರುವುದಿಲ್ಲ. ಮೂಳೆಯೇ ಇಲ್ಲದಿದ್ದರಂತೂ ಮುಗಿಯಿತು, ಬರೀ ನೀರಿನಲ್ಲಿ ಬೆಂದ ಎಲೆ. ಪ್ಯಾಕೆಟ್ ಮೇಲಿನ ಸೂಚನೆ ಹೇಳುವುದು ಎಲೆ ಯಾವಾಗ ಬೇಯುತ್ತದೆ ಅಂತ ಮಾತ್ರ.

ಆದ್ದರಿಂದ ರಸ ಮೊದಲು, ಸೊಪ್ಪು ಆಮೇಲೆ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ವಿವರ.

ನಿಮ್ಮ ಸಹೋದ್ಯೋಗಿಯ ಹಾಗೆ ಟರ್ಕಿಯಲ್ಲೇ ಮಾಡುವುದಾದರೆ, ಹೊಗೆ ಹಾಕಿದ ಒಂದು ದೊಡ್ಡ ಟರ್ಕಿ ರೆಕ್ಕೆ ತನ್ನಿ. ನಿಮ್ಮ ಕಡೆಯ ಸೂಪರ್‌ಮಾರ್ಕೆಟ್‌ಗಳಲ್ಲಿ ಸ್ಮೋಕ್ಡ್ ಮಾಂಸದ ಸಾಲಿನಲ್ಲೇ ಸಿಗುತ್ತದೆ. ಇಲ್ಲಿ ಎಷ್ಟೋ ಕಪ್ಪು ಕುಟುಂಬಗಳು ಬಿ.ಪಿ., ಕೊಬ್ಬು ಅಂತ ಹಂದಿ ಬಿಟ್ಟು ಟರ್ಕಿಗೆ ಬಂದಿವೆ. ಹಾಗಾಗಿ ಇದೇನೂ ಬದಲಿ ಅಡುಗೆ ಅಲ್ಲ, ಅವರದೇ ಅಡುಗೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆಗೆ ಒಂದು ದೊಡ್ಡ ಈರುಳ್ಳಿ ಹಾಕಿ ಬಾಡಿಸಿ. ನಾಲ್ಕೈದು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಅರ್ಧ ಟೀ ಚಮಚ ಒಣಮೆಣಸಿನ ತರಿ, ಸ್ವಲ್ಪ ಕಾಳುಮೆಣಸು, ರೆಕ್ಕೆ, ಆರು ಕಪ್ ನೀರು. ಉಪ್ಪು ಹಾಕಲೇಬೇಡಿ. ಮಾಂಸ ಮೂಳೆಯಿಂದ ಬಿಡುವ ತನಕ, ಹೆಚ್ಚು ಕಮ್ಮಿ ಒಂದೂಕಾಲು ಗಂಟೆ, ಸಣ್ಣ ಉರಿಯಲ್ಲಿ ಕುದಿಯಲಿ. ನೀರು ಇಂಗಿ ಮೂರ್ನಾಲ್ಕು ಕಪ್ಪಿಗೆ ಬರುತ್ತದೆ. ಕುಕ್ಕರ್ ಇದ್ದರೆ ನೀರು ಕಮ್ಮಿ ಹಾಕಿ, ಅರ್ಧ ಗಂಟೆಗೆ ಇದೇ ಕೆಲಸ ಆಗುತ್ತದೆ.

ಈಗ ಒಂದು ಚಮಚ ಕುಡಿದು ನೋಡಿ. ಸುಮ್ನೆ ಸೂಪಿನ ಹಾಗೆ ಬಟ್ಟಲಲ್ಲಿ ಹಾಕಿಕೊಂಡು ಕುಡಿಯಬಹುದು ಅನ್ನಿಸಬೇಕು. ಅನ್ನಿಸದಿದ್ದರೆ ಸೊಪ್ಪು ಹಾಕಬೇಡಿ, ಇನ್ನೂ ಕುದಿಸಿ. ಇಲ್ಲಿ ಬರದ ರುಚಿ ಮುಂದೆ ಬರುವುದಿಲ್ಲ.

ಸಸ್ಯಾಹಾರದ ರಸಕ್ಕೆ ಸ್ವಲ್ಪ ಜಾಸ್ತಿ ಯೋಚನೆ ಬೇಕು. ಆ ಮೂಳೆ ಏನೇನು ಕೊಡುತ್ತಿತ್ತು ಅಂತ ನೋಡಿ: ಹೊಗೆ, ಉಪ್ಪು, ಜಿಡ್ಡು, ನಾಲಿಗೆಗೆ ತುಂಬಿಕೊಳ್ಳುವ ಒಂದು ಗಾಢ ರುಚಿ, ಜೊತೆಗೆ ರಸಕ್ಕೆ ಒಂದಿಷ್ಟು ಮಂದ. ಬಹಳ ಜನ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ) ಒಂದನ್ನೇ ಹಾಕಿ, ಹೊಗೆ ಬಂತಲ್ಲ, ಆಯಿತು ಅಂತ ಕೈತೊಳೆದುಕೊಳ್ಳುತ್ತಾರೆ. ಹೊಗೆ ಬಂದಿರುತ್ತದೆ, ರುಚಿ ತೆಳುವಾಗೇ ಇರುತ್ತದೆ. ಐದನ್ನೂ ತುಂಬಿಸಬೇಕು.

ಜಿಡ್ಡಿಗೆ ಎರಡು ದೊಡ್ಡ ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ. ಇದರಲ್ಲಿ ಜಿಪುಣತನ ಬೇಡ. ಕಹಿ ಸೊಪ್ಪಿಗೆ ಕೊಬ್ಬು ಬೇಕೇ ಬೇಕು. ಈರುಳ್ಳಿಯನ್ನು ಬಾಡಿಸಿ ಬಿಡಬೇಡಿ, ಅಂಚು ಕಂದಾಗುವ ತನಕ ಹತ್ತು ಹದಿನೈದು ನಿಮಿಷ ಹುರಿಯಿರಿ. ಬೆಳ್ಳುಳ್ಳಿ ಹಾಕಿ. ಉರಿ ತಗ್ಗಿಸಿ, ಒಂದೂವರೆ ಟೀ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ ಹಾಕಿ, ತಕ್ಷಣ ಸ್ವಲ್ಪ ನೀರು ಹಾಕಿಬಿಡಿ. ಇದು ಕ್ಷಣದಲ್ಲಿ ಸೀಯುತ್ತದೆ. ಡಬ್ಬಿಯ ಮೇಲೆ ಸ್ಮೋಕ್ಡ್ ಅಂತ ಇರಲೇಬೇಕು, ಬರೀ ಪ್ಯಾಪ್ರಿಕಾ ಅಲ್ಲ. ನಮ್ಮ ಬ್ಯಾಡಗಿ ಪುಡಿ ಬಣ್ಣ ಕೊಡುತ್ತದೆ, ಹೊಗೆ ಕೊಡುವುದಿಲ್ಲ. ಬಾಟಲಿಯಲ್ಲಿ ಲಿಕ್ವಿಡ್ ಸ್ಮೋಕ್ ಅಂತಲೂ ಸಿಗುತ್ತದೆ. ಅದು ರಾಸಾಯನಿಕ ಅಂತ ಹೆದರುವವರಿದ್ದಾರೆ, ಆದರೆ ಅದು ಕಟ್ಟಿಗೆಯ ಹೊಗೆಯನ್ನೇ ತಣಿಸಿ ನೀರಿಗೆ ಇಳಿಸಿದ್ದು. ಕಾಲು ಟೀ ಚಮಚ ಸಾಕು. ಅದರ ಮೇಲೆ ಹಾಕಿದರೆ ಔಷಧಿ ಅಂಗಡಿ ವಾಸನೆ.

ಗಾಢ ರುಚಿಗೆ ಒಣಗಿದ ಶಿಟಾಕೆ ಅಣಬೆ ನಾಲ್ಕೈದು, ಮತ್ತು ಒಂದು ದೊಡ್ಡ ಚಮಚ ಸೋಯಾ ಸಾಸ್. ಅಣಬೆ ಆಗದಿದ್ದರೆ ಬಿಡಿ, ಸೋಯಾ ಬಿಡಬೇಡಿ. ಚೀನೀ ಅಡುಗೆಯ ರುಚಿ ಬರುತ್ತದೇನೋ ಅಂತ ಅನುಮಾನ ಬೇಡ, ಅಷ್ಟಕ್ಕೆ ಬರುವುದಿಲ್ಲ.

ಇನ್ನು ಮಂದ. ಇದಕ್ಕೆ ನಾನು ಬಳಸುವುದು ಅಲಸಂದೆ ಕಾಳಿನ ಕಟ್ಟು. ಮೂರು ಕಪ್ ನೀರಿನ ಬದಲು, ಅಲಸಂದೆ ಬೇಯಿಸಿ ಬಸಿದ ಮೂರು ಕಪ್ ಕಟ್ಟು ಹಾಕಿ. ಒಂದು ಹಿಡಿ ಬೆಂದ ಕಾಳನ್ನು ಹಿಸುಕಿ ಅದರಲ್ಲೇ ಸೇರಿಸಿ. ಈ ಜೋಡಿ ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. ದಕ್ಷಿಣದ ರಾಜ್ಯಗಳಲ್ಲಿ ಜನವರಿ 1ರಂದು ಅಲಸಂದೆ ಮತ್ತು ಕೊಲಾರ್ಡ್ ಒಟ್ಟಿಗೆ ತಿನ್ನುವುದು ವಾಡಿಕೆ. ಸೊಪ್ಪು ನೋಟು, ಕಾಳು ಚಿಲ್ಲರೆ, ವರ್ಷವಿಡೀ ಕೈಯಲ್ಲಿ ದುಡ್ಡು ಓಡಾಡಲಿ ಅಂತ. ಅಲಸಂದೆಯ ರಸ ಕಟ್ಟಿನ ರೂಪದಲ್ಲಿ ಪಾತ್ರೆಗೆ ಬಂದರೆ ಯಾರೂ ಬೇಡ ಅನ್ನುವುದಿಲ್ಲ. ಬಸ್ಸಾರು ಮಾಡುವ ಮನೆಯವರಾದರೆ ಇದು ನಿಮಗೆ ಕೂಡಲೇ ಅರ್ಥವಾಗುತ್ತದೆ. ಅಲ್ಲೂ ಸೊಪ್ಪು ಕಾಳು ಬೆಂದ ನೀರಿನಲ್ಲೇ ಅಲ್ವಾ ಎಲ್ಲ ಇರುವುದು! ಈ ರಸವೂ ಕಾಲು ಗಂಟೆ ಇಪ್ಪತ್ತು ನಿಮಿಷ ಕುದಿದು ಒಂದಾಗಲಿ. ಆಮೇಲೆ ಅದೇ ಚಮಚದ ಪರೀಕ್ಷೆ.

ಇಲ್ಲಿಂದ ಎರಡಕ್ಕೂ ಒಂದೇ ದಾರಿ. ಸುಮಾರು 450 ಗ್ರಾಂನ ಎರಡು ಪ್ಯಾಕೆಟ್ ಸೊಪ್ಪು. ಕರಗಿಸಬೇಡಿ, ಹಿಂಡಬೇಡಿ, ಫ್ರೀಜರ್‌ನಿಂದ ನೇರ ಕುದಿಯುವ ರಸಕ್ಕೆ. ಕುದಿ ನಿಲ್ಲುತ್ತದೆ, ಸೌಟಿನಿಂದ ಗಡ್ಡೆ ಒಡೆಯುತ್ತಾ ಮತ್ತೆ ಕುದಿ ಬರುವ ತನಕ ಕಾಯಿರಿ. ಆಗ ಸೊಪ್ಪು ಮುಳುಗಿರುವುದಿಲ್ಲ, ರಸ ಸಾಲದು ಅನ್ನಿಸುತ್ತದೆ. ನೀರು ಸುರಿಯಬೇಡಿ. ಸೊಪ್ಪೇ ನೀರು ಬಿಡುತ್ತದೆ, ಐದು ನಿಮಿಷದಲ್ಲಿ ಸರಿಹೋಗುತ್ತದೆ. ಮುಚ್ಚಳವನ್ನು ಓರೆಯಾಗಿ ಇಡಿ. ಇದು ಕೋಸಿನ ಜಾತಿ, ಗಂಧಕದ ವಾಸನೆ ಹೊರಗೆ ಹೋಗಲು ದಾರಿ ಬೇಕು. ಸಣ್ಣ ಉರಿಯಲ್ಲಿ ಮೂವತ್ತರಿಂದ ನಲವತ್ತು ನಿಮಿಷ. ಪ್ಯಾಕೆಟ್ ಹೇಳುವುದಕ್ಕಿಂತ ಜಾಸ್ತಿ ಅಂತ ಗೊತ್ತು. ಹಸಿರು ಬಣ್ಣ ಹೋಗಿ ಆಲಿವ್ ಬಣ್ಣಕ್ಕೆ ತಿರುಗುತ್ತದೆ, ಹಾಗೇ ಆಗಬೇಕು. ಕಚಕಚ ಅನ್ನುವ ಹಸಿರು ಸೊಪ್ಪು ಬೇಕಾದರೆ ಅದು ಬೇರೆ ಅಡುಗೆ. ಬಣ್ಣ ಉಳಿಯಲಿ ಅಂತ ಕೆಲವರು ಸೋಡಾ ಹಾಕುತ್ತಾರೆ. ಫ್ರೋಜನ್ ಸೊಪ್ಪಿಗೆ ಹಾಕಿದರೆ ಲೋಳೆಯಾಗುತ್ತದೆ, ಬೇಡ. ಕೊಲಾರ್ಡ್ ಬದಲು ಸಾಸಿವೆ ಸೊಪ್ಪು ಅಥವಾ ಟರ್ನಿಪ್ ಸೊಪ್ಪಿನ ಪ್ಯಾಕೆಟ್ ತಂದಿದ್ದರೆ ಇಪ್ಪತ್ತು ನಿಮಿಷ ಸಾಕು, ಅವು ತೆಳು.

ಉಪ್ಪು ಕೊನೆಯಲ್ಲಿ, ರುಚಿ ನೋಡಿ. ಟರ್ಕಿ ರೆಕ್ಕೆಯೂ ಉಪ್ಪು, ಸೋಯಾವೂ ಉಪ್ಪು. ಕಹಿ ಉಳಿದಿದೆ ಅನ್ನಿಸಿದರೆ ಎಲ್ಲರ ಕೈ ಸಕ್ಕರೆ ಡಬ್ಬಿಗೆ ಹೋಗುತ್ತದೆ. ಮೊದಲು ಇನ್ನೊಂದು ಚಿಟಿಕೆ ಉಪ್ಪು ಹಾಕಿ ನೋಡಿ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಸಕ್ಕರೆ ಹಾಕಬೇಕೋ ಬೇಡವೋ ಅಂತ ಇಲ್ಲಿ ಮನೆಮನೆಗೂ ಜಗಳ ಇದೆ. ನಾನು ಬೇಡ ಅನ್ನುವ ಪಕ್ಷ.

ಒಲೆ ಆರಿಸುವ ಮುಂಚೆ ಒಂದು ದೊಡ್ಡ ಚಮಚ ಆಪಲ್ ಸೈಡರ್ ವಿನೆಗರ್. ಮುಂಚೆಯೇ ಹಾಕಬೇಡಿ, ಹುಳಿ ಬಿದ್ದರೆ ಎಲೆ ಬೇಗ ಮೆತ್ತಗಾಗುವುದಿಲ್ಲ. ನಿಂಬೆಹಣ್ಣು ಹಿಂಡಿದರೆ ಕೆಟ್ಟುಹೋಗುವುದಿಲ್ಲ, ಆದರೆ ನಿಮ್ಮ ಸಹೋದ್ಯೋಗಿಯ ರುಚಿ ಬರುವುದಿಲ್ಲ. ದಕ್ಷಿಣದ ಹೋಟೆಲುಗಳ ಮೇಜಿನ ಮೇಲೆ ಸಣ್ಣ ಹಸಿಮೆಣಸಿನಕಾಯಿ ಮುಳುಗಿರುವ ವಿನೆಗರ್ ಬಾಟಲಿ ಇರುತ್ತದಲ್ಲ, ಅದು ಇಟ್ಟಿರುವುದೇ ಇದಕ್ಕೆ. ನಮ್ಮ ನಾಲಿಗೆಗೆ ಅದು ಬಹಳ ಒಗ್ಗುತ್ತದೆ.

ಪಾತ್ರೆಯ ತಳದಲ್ಲಿ ಉಳಿಯುವ ರಸಕ್ಕೆ ಇಲ್ಲಿ ಪಾಟ್‌ಲಿಕರ್ ಅನ್ನುತ್ತಾರೆ. ದಯವಿಟ್ಟು ಅದನ್ನು ಸಿಂಕಿಗೆ ಸುರಿಯಬೇಡಿ. ಗುಲಾಮರಾಗಿ ಬಂದ ಆಫ್ರಿಕನ್ನರ ಅಡುಗೆಮನೆಯಲ್ಲಿ ಬೆಳೆದ ರುಚಿ ಇದು. ಒಡೆಯರು ಬೇಡವೆಂದು ಬಿಟ್ಟ ಮಾಂಸದ ತುಂಡು, ಸೊಪ್ಪು ಬೆಂದ ನೀರು, ಇದನ್ನೇ ಅವರು ಊಟ ಮಾಡಿದರು. ಆಮೇಲೆ ಇಡೀ ದಕ್ಷಿಣವೇ ಇದಕ್ಕೆ ಸೋತಿತು. 1931ರಲ್ಲಿ ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್ ಮತ್ತು ನಿಮ್ಮ ಊರಿನ ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆಯ ನಡುವೆ ವಾರಗಟ್ಟಲೆ ವಾದ ನಡೆಯಿತು. ವಿಷಯ ಏನು ಗೊತ್ತಾ? ಜೋಳದ ಬ್ರೆಡ್ಡನ್ನು ಈ ರಸದಲ್ಲಿ ಅದ್ದಬೇಕೋ, ಪುಡಿ ಮಾಡಿ ಹಾಕಬೇಕೋ. ಲಾಂಗ್ ಅದ್ದುವ ಪಕ್ಷ, ಪತ್ರಿಕೆ ಪುಡಿ ಮಾಡುವ ಪಕ್ಷ. ನಾನಂತೂ ಅನ್ನಕ್ಕೆ ಕಲಸಿಕೊಂಡು ಇಬ್ಬರಿಗೂ ಬೇಜಾರು ಮಾಡುತ್ತೇನೆ. ಉಳಿದರೆ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ, ಮುಂದಿನ ಸಲದ ರಸಕ್ಕೆ ಅದೇ ಬುನಾದಿ. ಸೊಪ್ಪೂ ಅಷ್ಟೇ, ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ.

ಕೊಳ್ಳುವಾಗ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಒಳಗೆ ಚೂರುಗಳು ಸಡಿಲವಾಗಿ ಆಡಬೇಕು. ಕಲ್ಲಿನ ಹಾಗೆ ಒಂದೇ ಮುದ್ದೆಯಾಗಿದ್ದರೆ ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು, ಬಿಟ್ಟುಬಿಡಿ. ಸೀಸನ್ಡ್, ಅಂದರೆ ಮೊದಲೇ ರುಚಿಗೆ ಏನೋ ಸೇರಿಸಿದ್ದು, ಅಂತ ಬರೆದಿದ್ದರೆ ಹಿಂಬದಿ ಓದಿ. ಡಬ್ಬಿಯಲ್ಲಿ ಬರುವ ಸೊಪ್ಪಿಗಂತೂ ಹಂದಿಯ ಕೊಬ್ಬು ಸೇರಿರುವುದುಂಟು. ಹೋಟೆಲಿನಲ್ಲಿ ವೆಜಿಟಬಲ್ ಪ್ಲೇಟ್ ಅಂತ ಮೆನುವಿನಲ್ಲಿ ಇದ್ದರೂ ಸೊಪ್ಪಿನಲ್ಲಿ ಮಾಂಸ ಇರುವುದು ಇಲ್ಲಿ ಮಾಮೂಲು. ಯಜಮಾನರಿಗೆ ಕೇಳಿಯೇ ತಿನ್ನಲು ಹೇಳಿ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಈ ಸೊಪ್ಪು ಬಡಿಸಬೇಡಿ. ಇದರಲ್ಲಿ ವಿಟಮಿನ್ ಕೆ ಬಹಳ ಜಾಸ್ತಿ, ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅತ್ತೆಯವರಿಗೂ ಇದನ್ನು ಕೇಳಿಕೊಳ್ಳಿ.

ಬೆಂಗಳೂರಿಗೆ ಹೋದಾಗ ಪಾಲಕ್ ತರಬೇಡಿ, ಅದು ಇಷ್ಟು ಹೊತ್ತಿನ ಬೇಯುವಿಕೆಗೆ ಕರಗಿಹೋಗುತ್ತದೆ. ನವಿಲುಕೋಸಿನ ಎಲೆ ತನ್ನಿ. ಕೊಲಾರ್ಡ್, ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಒಂದೇ ಸಸ್ಯ ಜಾತಿಯವು. ಕಾಶ್ಮೀರದವರು ದಿನಾ ಉಣ್ಣುವ ಹಾಕ್ ಸೊಪ್ಪು ಕೂಡ ಇದೇ ಗುಂಪಿನದು. ತರಕಾರಿಯವರು ನವಿಲುಕೋಸಿನ ಎಲೆ ಮುರಿದು ಬಿಸಾಡುವ ಮೊದಲೇ ಬೇಕು ಅಂತ ಹೇಳಿಡಿ, ಎಷ್ಟೋ ಕಡೆ ಪುಕ್ಕಟೆ ಕೊಡುತ್ತಾರೆ. ದಪ್ಪ ದಂಟು ತೆಗೆದು, ಅಗಲವಾಗಿ ಹೆಚ್ಚಿಕೊಳ್ಳಿ. ಅದು ತಾಜಾ ಎಲೆ, ಹಾಗಾಗಿ ಮುಕ್ಕಾಲು ಗಂಟೆಯಾದರೂ ಬೇಕು, ಇಲ್ಲವೇ ಅದೇ ರಸದಲ್ಲಿ ಕುಕ್ಕರ್‌ಗೆ ಎರಡು ಕೂಗು. ಅಲಸಂದೆ ಅಲ್ಲೇ ಸಿಗುತ್ತದೆ. ಸ್ಮೋಕ್ಡ್ ಪ್ಯಾಪ್ರಿಕಾ ಡಬ್ಬಿ ಮಾತ್ರ ಇಲ್ಲಿಂದಲೇ ಒಯ್ಯಿರಿ, ಅಲ್ಲಿ ಹುಡುಕುತ್ತಾ ಕೂರಬೇಡಿ.