ಮಾತ್ರೆ ಉಳಿಸಬೇಡಿ
ಓದುಗರ ಪ್ರಶ್ನೆ, ಸಮಾಲೋಚಕಿಯ ಉತ್ತರ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 34 ವರ್ಷ. ಎಚ್‌ಐವಿ ಇರುವುದು ಎರಡು ವರ್ಷದ ಹಿಂದೆ ಗೊತ್ತಾಯಿತು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಶುರು ಮಾಡಿದ ಮೇಲೆ ಮೈ ತುಂಬಿಕೊಂಡು ಚೆನ್ನಾಗಿದ್ದಾನೆ. ಅವನ ಹೆಂಡತಿಗೆ ಇಲ್ಲ. ನಮ್ಮಮ್ಮ ಅವನಿಗೆ ತಟ್ಟೆ, ಲೋಟ ಬೇರೆ ಇಟ್ಟಿದ್ದಾಳೆ. ರೇಷ್ಮೆ ಹುಳುವಿಗೆ ರೋಗ ಬಂದು ಬೆಳೆ ಹೋಗುತ್ತದೆ ಅಂತ ಹುಳು ಮನೆಗೆ ಕಾಲಿಡಲೂ ಬಿಡುವುದಿಲ್ಲ. ಇದರ ಮೇಲೆ, ಅಮೆರಿಕ ದುಡ್ಡು ನಿಲ್ಲಿಸಿದೆ, ಇನ್ನು ಮಾತ್ರೆ ಬರುವುದಿಲ್ಲ ಅಂತ ಯಾರೋ ಅವನ ತಲೆಗೆ ತುಂಬಿದ್ದಾರೆ. ಅವತ್ತಿನಿಂದ ದಿನ ಬಿಟ್ಟು ದಿನ ನುಂಗಿ ಮಾತ್ರೆ ಉಳಿಸುತ್ತಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಅಮ್ಮನ ವಿಷಯ ಆಮೇಲೆ. ಪತ್ರಿಕೆ ಕೈಗೆ ಸಿಕ್ಕ ಕೂಡಲೇ ತಮ್ಮನಿಗೆ ಫೋನ್ ಮಾಡಿ, ಇವತ್ತಿನಿಂದ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗು ಅಂತ ಹೇಳಮ್ಮ. ದಿನ ಬಿಟ್ಟು ದಿನ ನುಂಗಿದರೆ ರಕ್ತದಲ್ಲಿ ಔಷಧ ಕಡಿಮೆಯಾಗಿ ವೈರಸ್ ಮತ್ತೆ ಹೆಚ್ಚುತ್ತದೆ. ಅರೆಬರೆ ಔಷಧದಲ್ಲಿ ಬೆಳೆದ ವೈರಸ್ ಆ ಔಷಧಕ್ಕೇ ಬಗ್ಗದಂತಾಗಬಹುದು. ಆಮೇಲೆ ಡಬ್ಬಿ ತುಂಬ ಮಾತ್ರೆ ಉಳಿದಿದ್ದರೂ ಪ್ರಯೋಜನವಿಲ್ಲ. ಈಗ ಬಹುತೇಕರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಅಷ್ಟು ಒಳ್ಳೆಯ ಔಷಧವನ್ನು ಕೈಯಾರೆ ಕೆಡಿಸಿಕೊಳ್ಳಬಾರದು. ತಪ್ಪಿಸಿದ್ದನ್ನು ಎಆರ್‌ಟಿ ಕೇಂದ್ರದಲ್ಲಿ ಮುಚ್ಚಿಡದೆ ಹೇಳಲಿ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ವೈರಲ್ ಲೋಡ್ ಪರೀಕ್ಷೆ ಬೇಕೇ ಅಂತ ಅವರು ನೋಡುತ್ತಾರೆ. ಬೈದರೆ ಬೈಸಿಕೊಳ್ಳಲಿ.

ಅವನು ಕೇಳಿದ್ದು ಪೂರಾ ಸುಳ್ಳಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಹಲವು ದೇಶಗಳಲ್ಲಿ ಎಚ್‌ಐವಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ನಮ್ಮಲ್ಲಿ ಹಾಗಿಲ್ಲ. 2021ರಿಂದ 2026ರ ಹಂತಕ್ಕೆ ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಇಟ್ಟಿದ್ದ 15,471.94 ಕೋಟಿ ರೂಪಾಯಿ ಪೂರ್ತಿ ಕೇಂದ್ರ ಸರ್ಕಾರದ ಹಣ. ಮಾತ್ರೆ ತಯಾರಾಗುವುದೂ ನಮ್ಮ ದೇಶದಲ್ಲೇ. ಆಫ್ರಿಕಾಕ್ಕೂ ಹೆಚ್ಚಾಗಿ ಇಲ್ಲಿಂದಲೇ ಹೋಗುತ್ತದೆ. 2000ದ ಹೊತ್ತಿಗೆ ಒಬ್ಬರ ಒಂದು ವರ್ಷದ ಔಷಧಕ್ಕೆ 10,000 ಡಾಲರ್‌ಗೂ ಹೆಚ್ಚು ಬೇಕಿತ್ತು. 2001ರಲ್ಲಿ ಮುಂಬೈನ ಔಷಧ ಕಂಪನಿ ಸಿಪ್ಲಾ ಬಡದೇಶಗಳ ರೋಗಿಗಳಿಗಾಗಿ ಅದನ್ನು 350 ಡಾಲರ್‌ಗೆ ಕೊಡುತ್ತೇವೆ ಅಂದಿತು. ಹಾಗೆ ಬೆಲೆ ಇಳಿಯುತ್ತಿದ್ದರೂ ದಕ್ಷಿಣ ಆಫ್ರಿಕಾದ ಅಂದಿನ ಸರ್ಕಾರ ಔಷಧ ಕೊಡಲು ಮೀನಮೇಷ ಎಣಿಸಿತು. ಆ ವಿಳಂಬಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಬಲಿಯಾದರೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಔಷಧ ಇದ್ದೂ ಬಾಯಿಗೆ ಬೀಳದೆ ಹೋದ ಜೀವಗಳು ಅವು. ನಿಮ್ಮ ತಮ್ಮ ತಾನಾಗಿ ಹೋಗಿ ಆ ಸಾಲಿಗೆ ಸೇರುವುದು ಬೇಡ.

ನಮ್ಮ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಹಸು ಮಾರಿ ಒಂದೆರಡು ತಿಂಗಳ ಔಷಧ ಕೊಂಡು, ದುಡ್ಡು ಮುಗಿದ ಮೇಲೆ ನಿಲ್ಲಿಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರೂ ಉಳಿಯಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಅಮ್ಮ. ಅವರನ್ನು ಒಂದು ಮಾತು ಕೇಳಿ: ಹಾಲುತೊಂಡೆ ರೋಗ ಬಿದ್ದ ಹುಳುಗಳನ್ನು ಕೈಯಲ್ಲೇ ಆರಿಸಿ ತೆಗೆಯುತ್ತೀಯಲ್ಲ, ಆ ರೋಗ ಯಾವತ್ತಾದರೂ ನಿನಗೆ ಅಂಟಿದೆಯಾ? ಹಾಲುತೊಂಡೆಯೂ ವೈರಸ್ಸಿನಿಂದಲೇ ಬರುವುದು. ಅದು ಮನುಷ್ಯರಿಗೆ ಬರುವುದಿಲ್ಲ, ಎಚ್‌ಐವಿ ಹುಳುವಿಗೆ ಬರುವುದಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ಕೇಳುವಾಗ, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಅಂಥ ಹೊತ್ತಲ್ಲಿ ಗಟ್ಟಿಮುಟ್ಟಾದ ಮಗನನ್ನು ಜಗಲಿ ಮೇಲೆ ಕೂರಿಸಿದರೆ ಅವನ ಮನಸ್ಸು ಏನಾಗಬೇಡ? ಹೀಗೆ ಮೂಲೆಗೆ ಬಿದ್ದವರೇ ಮೊದಲು ಮಾತ್ರೆ ಬಿಡುವುದು. ಅವನನ್ನು ಒಳಗೆ ಕರೆಯಿರಿ. ರಾತ್ರಿ ಸೊಪ್ಪು ಹಾಕುವ ಹೊತ್ತೇ ಮಾತ್ರೆಯ ಹೊತ್ತೂ ಆಗಲಿ, ಮರೆಯುವುದಿಲ್ಲ.

ತಟ್ಟೆ, ಲೋಟ, ಎಂಜಲು, ಬೆವರು, ಸೊಳ್ಳೆ ಯಾವುದರಿಂದಲೂ ಇದು ಹರಡುವುದಿಲ್ಲ. ದಿನವೂ ಮಾತ್ರೆ ನುಂಗಿ, ವೈರಲ್ ಲೋಡ್ ಪರೀಕ್ಷೆಯಲ್ಲಿ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹೆಂಡತಿಗೂ ಹರಡದು. ಆದರೆ ಈಗ ಮಾತ್ರೆ ತಪ್ಪಿಸಿದ್ದಾನೆ. ಹಾಗಾಗಿ ಕಾಂಡೋಮ್ ಬೇಕೇ ಬೇಕು, ಆಕೆಯೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಉಳಿಸಿದ ಮಾತ್ರೆಗಳನ್ನು ಅವನು ಎಲ್ಲಿ ಕಟ್ಟಿಟ್ಟಿದ್ದಾನೆ ಅಂತಲೂ ವಿಚಾರಿಸಿ. ಬಸ್ಸಿನಲ್ಲಿ ಡಬ್ಬಿ ಗಲಗಲ ಅನ್ನುತ್ತದೆಂದು ನಮ್ಮ ಕಡೆ ಎಷ್ಟೋ ಜನ ಅದರೊಳಗೆ ಹತ್ತಿ ತುರುಕುತ್ತಾರೆ, ಲೇಬಲ್ ಕಿತ್ತು ಹಾಕುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಕಾಗದದ ಪೊಟ್ಟಣಕ್ಕೆ ಮಾತ್ರ ಸುರಿದುಕೊಳ್ಳಬಾರದು, ತೇವ ತಗುಲಿ ಮಾತ್ರೆ ಕೆಡುತ್ತದೆ.

ಪ್ರಶ್ನೆ: ನಾನು ಆರು ತಿಂಗಳ ಬಸುರಿ. ತಾಯಿ ಕಾರ್ಡ್ ಮಾಡಿಸುವಾಗಿನ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆ ಅಂದರು. ಮಾತ್ರೆ ಕೊಟ್ಟಿದ್ದಾರೆ. ಮಗುವಿಗೆ ಎದೆಹಾಲು ಕೊಡಬಹುದಾ?
– ಓದುಗರು, ಕೋಲಾರ

ಉತ್ತರ: ಕೊಡಬಹುದು. ಚಿಕಿತ್ಸೆ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಬರುತ್ತದೆ, ಸರಿಯಾದ ಚಿಕಿತ್ಸೆಯಲ್ಲಿ 5ಕ್ಕಿಂತ ಕಡಿಮೆ. ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ. ಮಗುವಿಗೆ ಅಲ್ಲಿ ಕೊಡುವ ಸಿರಪ್ ಅನ್ನು ಅವರು ಹೇಳಿದಷ್ಟು ವಾರವೂ ತಪ್ಪದೆ ಹಾಕಿ. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಅಜ್ಜಿಯಂದಿರು ಪ್ರೀತಿಯಿಂದಲೇ ಜೇನು ನೆಕ್ಕಿಸುತ್ತಾರೆ, ಬಜೆ ತೇಯ್ದು ಹಾಕುತ್ತಾರೆ, ಹಸುವಿನ ಹಾಲು ಬೆರೆಸುತ್ತಾರೆ. ಇದಕ್ಕೆ ಈಗಲೇ ಗಟ್ಟಿಯಾಗಿ ಬೇಡ ಅನ್ನಿ. ಎದೆಹಾಲಿನ ಜೊತೆ ಬೇರೆಯದು ಸೇರಿದಾಗಲೇ ಸೋಂಕು ತಗುಲುವ ಅಪಾಯ ಹೆಚ್ಚು. ನಿಮಗೆ ಕೊಟ್ಟಿರುವ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನು ಎಆರ್‌ಟಿ ಮಾತ್ರೆ ನುಂಗಿ ಕನಿಷ್ಠ 2 ಗಂಟೆ ಆದ ಮೇಲೆ ತೆಗೆದುಕೊಳ್ಳಿ. ಮಗುವಿಗೆ ಮೊದಲ ಪರೀಕ್ಷೆ 6 ವಾರಕ್ಕೆ, ಖಚಿತ ಫಲಿತಾಂಶ 18 ತಿಂಗಳಿಗೆ. ನಡುವೆ ಏನೇ ಅನುಮಾನ ಬಂದರೂ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ದುಡ್ಡು ಹೋಗುವುದಿಲ್ಲ, ಹೆಸರು ಹೇಳಬೇಕಾಗಿಲ್ಲ.