ಬಡವರ ಚಿಕಿತ್ಸೆಗೇ ದುಡ್ಡು ಸಾಲದಿರುವಾಗ, ಆರೋಗ್ಯ ವಿಮೆಯ ಮೇಲಿನ ಸಂಶೋಧನೆಗೆ ಯಾಕೆ ಹಣ ಕೊಡಬೇಕು?

ವಿಮಾ ಯೋಜನೆಯಿಂದ ಜೀವ ಉಳಿಯಿತೇ ಎಂಬುದು ಯೋಜನೆಯ ಲೆಕ್ಕಪುಸ್ತಕದಲ್ಲಿ ಸಿಗುವುದಿಲ್ಲ, ಅದಕ್ಕೆ. ಕಡತದಲ್ಲಿರುವುದು ಆಸ್ಪತ್ರೆಗೆ ಬಂದವರ ಹೆಸರು, ಪಾವತಿಸಿದ ಬಿಲ್ಲು ಮಾತ್ರ. ಆಸ್ಪತ್ರೆ ಮೆಟ್ಟಿಲು ಹತ್ತದೆ ಮನೆಯಲ್ಲೇ ತೀರಿಕೊಂಡವರು ಅಲ್ಲಿ ಇರುವುದೇ ಇಲ್ಲ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದೂ ಅಲ್ಲಿಲ್ಲ.

ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಸರ್ಕಾರಿ ಆರೋಗ್ಯ ವಿಮೆ ಯೋಜನೆ ಉತ್ತರ ಕರ್ನಾಟಕದಲ್ಲಿ ಮೊದಲು ಶುರುವಾಯಿತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿತ್ತು. ದಕ್ಷಿಣದ ಜಿಲ್ಲೆಗಳಿಗೆ ಆಗಿನ್ನೂ ಬಂದಿರಲಿಲ್ಲ. ಸಂಶೋಧಕರು ಈ ಗಡಿಯನ್ನೇ ಬಳಸಿಕೊಂಡರು. ಗೆರೆಯ ಆಚೀಚೆ ಊರುಗಳು ಹೆಚ್ಚುಕಡಿಮೆ ಒಂದೇ ಥರ: ಅದೇ ಬಡತನ, ಅದೇ ಮಳೆ. ಒಂದು ಕಡೆ ಯೋಜನೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಹಾಗಾಗಿ ಸಾವಿನಲ್ಲಿ ಕಂಡ ವ್ಯತ್ಯಾಸಕ್ಕೆ ಯೋಜನೆಯೇ ಕಾರಣ ಎನ್ನಲು ಆಧಾರ ಸಿಗುತ್ತದೆ.

ಖರ್ಚು ಬರುವುದು ಇಲ್ಲೇ. 572 ಹಳ್ಳಿಗಳ ಸುಮಾರು 60,000 ಮನೆಗಳ ಬಾಗಿಲು ತಟ್ಟಿ, ಯಾರು ತೀರಿಕೊಂಡರು, ಯಾವ ಕಾಯಿಲೆಯಿಂದ, ಕೈಯಿಂದ ಎಷ್ಟು ಹೋಯಿತು ಎಂದು ಕೇಳಿ ಬರೆದುಕೊಳ್ಳಬೇಕಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಯೋಜನೆಯಡಿ ಬರುವ ಕಾಯಿಲೆಗಳಿಂದಾಗುವ ಸಾವು ಯೋಜನೆ ಇದ್ದ ಊರುಗಳ ಬಿಪಿಎಲ್ ಕುಟುಂಬಗಳಲ್ಲಿ, ಯೋಜನೆ ಇಲ್ಲದ ಊರುಗಳ ಬಿಪಿಎಲ್ ಕುಟುಂಬಗಳಿಗಿಂತ 64% ಕಡಿಮೆ. ನನಗೆ ಈ ಅಂಕಿ ಸ್ವಲ್ಪ ಹೆಚ್ಚೇ ಅನಿಸುತ್ತದೆ. ಒಂದೇ ಅಧ್ಯಯನವನ್ನು ನಂಬಿ ಕೂರಬಾರದು. ಆದರೆ ಅದೇ ಊರುಗಳ ಎಪಿಎಲ್ ಕುಟುಂಬಗಳಲ್ಲಿ, ಅಂದರೆ ಯೋಜನೆಗೆ ಅರ್ಹರಲ್ಲದವರಲ್ಲಿ, ಗೆರೆಯ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾಗಿ ಬಿಪಿಎಲ್ ಕುಟುಂಬಗಳಲ್ಲಿ ಕಂಡ ವ್ಯತ್ಯಾಸಕ್ಕೆ ಯೋಜನೆಯೇ ಕಾರಣ ಎಂಬ ಮಾತಿಗೆ ಬಲ ಬರುತ್ತದೆ.